ಗೇಟಿನ ಒಳಗೆ ಎಷ್ಟು ತಾಸು, ಹೊರಗೆ ಎಷ್ಟು ತಾಸು

ಸಿಇಟಿ ಫಲಿತಾಂಶ ಬಂದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು. ಹುಬ್ಬಳ್ಳಿಯೋ ಬೆಂಗಳೂರೋ? ಗದಗಿನಲ್ಲೇ ಸೀಟು ಸಿಗುವಾಗ ಧಾರವಾಡದಲ್ಲಿ ರೂಮು ಮಾಡಿ ಯಾಕೆ ಇರಬೇಕು? ಹಾವೇರಿಯ ಕಾಲೇಜು ಮನೆಗೆ ಹತ್ತಿರ, ಆದರೆ ನಾಲ್ಕು ಮಂದಿಯ ನಡುವೆ ಬೆಳೆಯುವುದು ಯಾವಾಗ? ಸೋದರಮಾವ ಒಂದು ಹೇಳುತ್ತಾರೆ, ಟ್ಯೂಷನ್ ಸರ್ ಇನ್ನೊಂದು ಹೇಳುತ್ತಾರೆ, ಓದಬೇಕಾದವರ ಮಾತು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಊರು ನೋಡಬೇಕೋ ಕ್ಯಾಂಪಸ್ ನೋಡಬೇಕೋ ಎಂಬ ವಾದ ಹೀಗೆ ಎಷ್ಟು ದಿನ ನಡೆದರೂ ತೀರುವುದಿಲ್ಲ, ಯಾಕೆಂದರೆ ಅದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವೇ ಇಲ್ಲ. ಕೇಳಬೇಕಾದ್ದು ಬೇರೆ. ಈ ಕೋರ್ಸಿನಲ್ಲಿ ನಿಜವಾದ ಕಲಿಕೆ ಕಾಲೇಜಿನ ಗೇಟಿನ ಒಳಗೆ ಎಷ್ಟು ತಾಸು ನಡೆಯುತ್ತದೆ, ಹೊರಗೆ ಎಷ್ಟು ತಾಸು? ಯಾವ ವರ್ಷ ಒಳಗೆ ಹೆಚ್ಚು, ಯಾವ ವರ್ಷ ಹೊರಗೆ ಹೆಚ್ಚು? ಈ ಲೆಕ್ಕ ಹಾಕಿದವರಿಗೆ ಊರು ತಾನಾಗಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಊರಿನ ಹೆಸರನ್ನು ನಂಬುವುದನ್ನು ಬಿಡಬೇಕು. ವಿಳಾಸದಲ್ಲಿ ಬೆಂಗಳೂರು ಎಂದು ಬರೆದುಕೊಂಡ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳು ಇರುವುದು ದೇವನಹಳ್ಳಿ, ಹೊಸಕೋಟೆ, ಆನೇಕಲ್, ದೊಡ್ಡಬಳ್ಳಾಪುರದ ದಾರಿಗಳಲ್ಲಿ. ಅಲ್ಲಿ ಓದುವ ಹುಡುಗನಿಗೆ ಬೆಂಗಳೂರಿನ ಬಾಡಿಗೆ ಬೀಳುತ್ತದೆ, ಬೆಂಗಳೂರು ಮಾತ್ರ ಭಾನುವಾರಕ್ಕೊಮ್ಮೆ ಸಿಗುತ್ತದೆ. ನಮ್ಮಲ್ಲೂ ಹಾಗೆಯೇ. ಐಐಟಿ ಧಾರವಾಡ 2016ರಲ್ಲಿ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಶುರುವಾಯಿತು. ಚಿಕ್ಕಮಲ್ಲಿಗವಾಡದ ಶಾಶ್ವತ ಕ್ಯಾಂಪಸ್ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಟ್ರಿಪಲ್ ಐಟಿ ಧಾರವಾಡ 2015ರಲ್ಲಿ ಹುಬ್ಬಳ್ಳಿ ನಡುವಿನ ಐಟಿ ಪಾರ್ಕಿನಲ್ಲಿತ್ತು. 2022ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಅದರ ಸ್ವಂತ ಕ್ಯಾಂಪಸ್ ಇರುವುದು ತಡಸಿನಕೊಪ್ಪದ ಬಯಲಿನಲ್ಲಿ. ಹೆಸರು ಅದೇ, ಪದವಿ ಅದೇ, ಆದರೆ ಮೊದಲಿನ ಬ್ಯಾಚಿನವರು ಬಾಳಿದ ಊರೇ ಬೇರೆ, ಈಗಿನವರು ಬಾಳುವ ಊರೇ ಬೇರೆ. ಇದಕ್ಕೆ ತದ್ವಿರುದ್ಧ ಹುಬ್ಬಳ್ಳಿಯ ವಿದ್ಯಾನಗರ. ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ (ಹಳಬರ ಬಾಯಲ್ಲಿ ಇವತ್ತಿಗೂ ಬಿವಿಬಿ), ಸರ್ಕಾರಿ ವೈದ್ಯಕೀಯ ಕಾಲೇಜಾದ ಕಿಮ್ಸ್, ಜಾಬಿನ್ ಕಾಲೇಜು ಎಲ್ಲ ಪೇಟೆಯ ಮಗ್ಗುಲಲ್ಲೇ ಇವೆ. ಹಾಗಾಗಿ ಕಾಲೇಜಿನ ಮುಖ್ಯ ಗೇಟನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ವಾರದ ನಡುವಿನ ದಿನ ಸಂಜೆ 5.30ಕ್ಕೆ ಅಲ್ಲಿಂದ ಬಸ್ ನಿಲ್ದಾಣಕ್ಕೆ ಎಷ್ಟು ಹೊತ್ತು ತೋರಿಸುತ್ತದೆ ನೋಡಿ. ಬೆಳಿಗ್ಗೆ ಹತ್ತಕ್ಕೆ ನೋಡಿದ ಲೆಕ್ಕ ಸಂಜೆಗೆ ಹೊಂದುವುದಿಲ್ಲ.

ಈಗ ವಿಷಯಕ್ಕೆ ಬರೋಣ. ವೈದ್ಯಕೀಯಕ್ಕೆ ಕ್ಯಾಂಪಸ್ ಎಂದರೆ ವಾರ್ಡು. ಕಟ್ಟಡ, ಲಾನು, ಈಜುಕೊಳ ಯಾವುದೂ ಲೆಕ್ಕಕ್ಕಿಲ್ಲ. ರೋಗಿಗಳು ಎಷ್ಟು ಬರುತ್ತಾರೆ, ಎಂಥವರು ಬರುತ್ತಾರೆ ಅನ್ನುವುದೇ ಎಲ್ಲ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳದ ಕಡೆಯಿಂದಲೂ ಕೇಸು ಬರುತ್ತವೆ, ಅದೂ ಬೇರೆ ಕಡೆ ಕೈಚೆಲ್ಲಿದ ಮೇಲೆ. ನೋಡಿ ಕಲಿಯಲು ಇಂಥ ಜಾಗ ಕಡಿಮೆ. ಗದಗದ ವೈದ್ಯಕೀಯ ಕಾಲೇಜು 2015ರದು, ಹಾವೇರಿಯದು 2022ರದು. ಹೊಸ ಕಾಲೇಜು ಎಂದು ಮೂಗು ಮುರಿಯುವುದು ಸರಿಯಲ್ಲ. ಪಿಜಿ ವಿದ್ಯಾರ್ಥಿಗಳು ಕಡಿಮೆ ಇರುವ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆ, ಹೊಲಿಗೆ, ಡ್ರೆಸ್ಸಿಂಗ್ ಎಲ್ಲ ಇಂಟರ್ನಿಗಳ ಕೈಗೇ ಬರುತ್ತದೆ. ಪಿಜಿಗಳು ತುಂಬಿದ ದೊಡ್ಡ ಆಸ್ಪತ್ರೆಯಲ್ಲಿ ಎಂಬಿಬಿಎಸ್ ಹುಡುಗರು ಹಿಂದಿನ ಸಾಲಿನಲ್ಲಿ ನಿಂತು ಇಣುಕುವುದೂ ಉಂಟು. ಆದರೆ ಸೂಪರ್ ಸ್ಪೆಷಾಲಿಟಿ ವಿಭಾಗಗಳು ಹೊಸ ಕಡೆ ಕಡಿಮೆ ಇರುತ್ತವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಮೂರೇ: ದಿನಕ್ಕೆ ಹೊರರೋಗಿಗಳು ಎಷ್ಟು, ತಿಂಗಳಿಗೆ ಹೆರಿಗೆ ಎಷ್ಟು, ಒಂದು ಹಾಸಿಗೆಯ ಸುತ್ತ ಪೋಸ್ಟಿಂಗಿನಲ್ಲಿ ಎಷ್ಟು ವಿದ್ಯಾರ್ಥಿಗಳು.

ಕಾನೂನು ಓದುವವರಿಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದಂಥ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ. ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಧಾರವಾಡ ಸಮೀಪದ ಬೇಲೂರಿನ ಬಳಿ ಹೈಕೋರ್ಟ್ ಪೀಠ, ಹುಬ್ಬಳ್ಳಿಯಲ್ಲಿ ದೊಡ್ಡ ನ್ಯಾಯಾಲಯ ಸಂಕೀರ್ಣ, ಧಾರವಾಡದಲ್ಲಿ ಜಿಲ್ಲಾ ನ್ಯಾಯಾಲಯ. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ವಕೀಲರ ಹಿಂದೆ ಫೈಲು ಹಿಡಿದು ಅಡ್ಡಾಡದೆ ಈ ವಿದ್ಯೆ ಬರುವುದಿಲ್ಲ. ಆದ್ದರಿಂದ ತರಗತಿ ಮಧ್ಯಾಹ್ನದೊಳಗೆ ಮುಗಿಯುತ್ತದೋ, ಕಾಲೇಜು ದಿನವಿಡೀ ಕಟ್ಟಿ ಹಾಕುತ್ತದೋ ಎಂದು ವೇಳಾಪಟ್ಟಿ ಕೇಳಬೇಕು. ಬೇಲೂರು ಧಾರವಾಡದ ಒಳಗಿಲ್ಲ, ಹೆದ್ದಾರಿಯ ಮೇಲಿದೆ. ಬಸ್ಸಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೃಷಿಗೆ ಇದರ ತಿರುವುಮುರುವು. 1986ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಇರುವುದೇ ಹೊಲದಲ್ಲಿ, ಹೊಲ ಇರುವುದು ಕ್ಯಾಂಪಸ್ಸಿನೊಳಗೆ. ಅದೇ ವಿಶ್ವವಿದ್ಯಾಲಯದ ಹನುಮನಮಟ್ಟಿ ಕಾಲೇಜು ರಾಣೆಬೆನ್ನೂರು ತಾಲೂಕಿನಲ್ಲಿದೆ. ಊರು ಚಿಕ್ಕದು ಎಂದು ಅದನ್ನು ಕೆಳಗೆ ಹಾಕುವವರು ಸುತ್ತಲಿನ ಬೀಜೋತ್ಪಾದನೆಯನ್ನು ಮರೆತಿರುತ್ತಾರೆ. ತಳಿ ವಿಜ್ಞಾನ, ಬೀಜ ತಂತ್ರಜ್ಞಾನ ಮಾಡಬೇಕೆನ್ನುವವರಿಗೆ ರಾಣೆಬೆನ್ನೂರಿನ ಬೀಜ ಕಂಪನಿಗಳು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಕೈಗೆಟುಕುವ ದೂರದಲ್ಲಿವೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಶಿಗ್ಗಾಂವಿ ತಾಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇವೂ ಅಷ್ಟೆ. ಪಂಚಾಯಿತಿ, ಹಳ್ಳಿ, ಹಾಡುಗಾರರು ಇರುವ ಕಡೆಯೇ ಇರಬೇಕಾದ ಸಂಸ್ಥೆಗಳು.

ಸಂಗೀತ, ಸಾಹಿತ್ಯ, ಇತಿಹಾಸ ಓದುವವರು ಧಾರವಾಡವನ್ನು ಬಿಟ್ಟು ಬೇರೆ ಕಡೆ ಹೋಗಲು ಗಟ್ಟಿ ಕಾರಣ ಬೇಕು. 1890ರಿಂದ ನಡೆಯುತ್ತಿರುವ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಹೊತ್ತು ಉಪನ್ಯಾಸಕ್ಕೆ ಕೂತರೆ ಟಿಕೆಟ್ ಕೇಳುವವರಿಲ್ಲ. ಬೈಠಕ್ಕುಗಳಿಗೂ ಹೆಚ್ಚಾಗಿ ಪ್ರವೇಶ ಉಚಿತವೇ. ಹಿರಿಯ ವಿದ್ವಾಂಸರು ಮನೆಗೆ ಹೋದರೆ ಚಹಾ ಕೊಟ್ಟು ಎರಡು ತಾಸು ಮಾತಾಡುತ್ತಾರೆ. ಇಂಥದ್ದು ಸಿಲೆಬಸ್ಸಿನಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ಬಿಎ ಓದುವವರಿಗೆ ಊರು ಅರ್ಧಕ್ಕಿಂತ ಹೆಚ್ಚು ಕಾಲೇಜು. ವಾಣಿಜ್ಯಕ್ಕೆ, ಅದರಲ್ಲೂ ಸಿಎ ಮಾಡಬೇಕೆನ್ನುವವರಿಗೆ ಹುಬ್ಬಳ್ಳಿ. ಅಮರಗೋಳದ ಎಪಿಎಂಸಿ, ಸಗಟು ವ್ಯಾಪಾರ, ಆಡಿಟರ್ ಕಚೇರಿಗಳು ಅಲ್ಲಿವೆ. 2023ರ ಹೊಸ ಪದ್ಧತಿಯಲ್ಲಿ ಆಡಿಟರ್ ಕಚೇರಿಯ ತರಬೇತಿ, ಅಂದರೆ ಆರ್ಟಿಕಲ್‌ಶಿಪ್ ಎರಡು ವರ್ಷಕ್ಕೆ ಇಳಿದಿದೆ, ಆ ಎರಡು ವರ್ಷ ಯಾವ ಬಗೆಯ ಲೆಕ್ಕಪತ್ರ ಕೈಗೆ ಸಿಗುತ್ತದೆ ಅನ್ನುವುದು ದೊಡ್ಡದು.

ಎಂಜಿನಿಯರಿಂಗಿನ ಮಾತು ಸ್ವಲ್ಪ ಉದ್ದ, ಯಾಕೆಂದರೆ ಹೆಚ್ಚು ದುಡ್ಡು ಹೋಗುವುದೂ ಹೆಚ್ಚು ತಪ್ಪಾಗುವುದೂ ಅಲ್ಲೇ. ಮೊದಲ ಎರಡು ವರ್ಷ ಊರಿನ ಉಪಯೋಗ ಬಹುತೇಕ ಸೊನ್ನೆ. ಬೆಳಿಗ್ಗೆಯಿಂದ ಸಂಜೆಯ ತನಕ ತರಗತಿ, ಲ್ಯಾಬು, ಆಂತರಿಕ ಪರೀಕ್ಷೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಂತೆ ಹಾಜರಾತಿ 85 ಪ್ರತಿಶತ ಬೇಕು. ಗಣಿತದ ಸಂದೇಹ ಕೇಳಲು ಸಂಜೆ ಐದಕ್ಕೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಇದ್ದಾರೆಯೇ ಅನ್ನುವುದು, ಆ ಊರಿನಲ್ಲಿ ಎಷ್ಟು ಸಾಫ್ಟ್‌ವೇರ್ ಕಂಪನಿಗಳಿವೆ ಅನ್ನುವುದಕ್ಕಿಂತ ನೂರು ಪಾಲು ಮುಖ್ಯ. ಮೂರನೆಯ ವರ್ಷದಿಂದ ಗಾಳಿ ತಿರುಗುತ್ತದೆ. ಈಗಿನ ಸ್ಕೀಮಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಪ್ರಾಜೆಕ್ಟಿಗೆ ನಿಜವಾದ ಸಮಸ್ಯೆ ಬೇಕು, ಕಂಪನಿಗಳ ಆಯ್ಕೆ ಪ್ರಕ್ರಿಯೆ ಶುರುವಾಗುತ್ತದೆ. ಮೆಕ್ಯಾನಿಕಲ್, ಪ್ರೊಡಕ್ಷನ್ ಓದುವವರಿಗೆ ಆಗ ಧಾರವಾಡದ ಟಾಟಾ ಬಸ್ ಕಾರ್ಖಾನೆ (ಹಿಂದಿನ ಟಾಟಾ ಮಾರ್ಕೊಪೋಲೊ), ಬೇಲೂರು ಕೈಗಾರಿಕಾ ಪ್ರದೇಶ, ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಕಾರ್ಖಾನೆಗಳು ಹತ್ತಿರ ಇದ್ದರೆ ನಿಜಕ್ಕೂ ಲಾಭ. ಹುಬ್ಬಳ್ಳಿ ಕೈಗಾರಿಕಾ ವಾಲ್ವುಗಳಿಗೆ ಹೆಸರಾದ ಊರು. ಎರಕ, ಮಷಿನಿಂಗ್, ಒತ್ತಡದ ಪರೀಕ್ಷೆ ಒಂದೇ ಸೂರಿನಡಿ ನೋಡಲು ಸಿಗುತ್ತದೆ. ಕಂಪ್ಯೂಟರ್ ಸೈನ್ಸಿನ ಮಾತು ಬೇರೆ. ಅವರ ಪರೀಕ್ಷೆ, ಸಂದರ್ಶನ ಎಲ್ಲ ಆನ್‌ಲೈನಿನಲ್ಲೇ ನಡೆಯುತ್ತವೆ, ನೌಕರಿ ಹೇಗೂ ಬೆಂಗಳೂರು ಅಥವಾ ಪುಣೆ. ನೌಕರಿ ಆ ಊರಿನಲ್ಲಿದೆ ಎಂದು ನಾಲ್ಕು ವರ್ಷ ಮೊದಲೇ ಅಲ್ಲಿ ಬಾಡಿಗೆ ಕಟ್ಟಬೇಕಾಗಿಲ್ಲ.

ಗದಗದ ತೋಂಟದಾರ್ಯ, ಹುಲಕೋಟಿಯ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ತರಳಬಾಳು, ಹಾವೇರಿ ಹೊರವಲಯದ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇಂಥ ಕಡೆ ಸೇರುವವರು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಪೂಲ್ ಕ್ಯಾಂಪಸ್ ಡ್ರೈವಿಗೆ, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ನಡೆಯುವ ನೌಕರಿ ಆಯ್ಕೆಗೆ, ಹುಡುಗರನ್ನು ಎಲ್ಲಿಗೆ ಕಳಿಸುತ್ತೀರಿ, ಬಸ್ ವ್ಯವಸ್ಥೆ ಯಾರದು, ಆ ದಿನಗಳ ಹಾಜರಾತಿ ಹೇಗೆ ಕೊಡುತ್ತೀರಿ? ಕೊನೆಯ ವರ್ಷ ಹೊರಗಿನ ಕಂಪನಿಯಲ್ಲಿ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಮಾಡಲು ಬಿಡುತ್ತೀರಾ, ಇಲ್ಲಾ ಕಾಲೇಜಿನಲ್ಲೇ ಕೂರಿಸಿ ಸರ್ಟಿಫಿಕೇಟ್ ಕೊಡುತ್ತೀರಾ? ಹೊರಗೆ ಕಳಿಸಲು ತಯಾರಿರುವ ಸಣ್ಣ ಊರಿನ ಕಾಲೇಜು, ಹೊರಗೆ ಬಿಡದ ದೊಡ್ಡ ಊರಿನ ಕಾಲೇಜಿಗಿಂತ ಎಷ್ಟೋ ವಾಸಿ.

ಕ್ಯಾಂಪಸ್ ಪರೀಕ್ಷೆ ಮಾಡುವುದು ಹೇಗೆ? ಕೌನ್ಸೆಲಿಂಗ್ ಸಮಯದಲ್ಲಿ ಕಾಲೇಜುಗಳು ಏರ್ಪಡಿಸುವ ಪ್ರದರ್ಶನದ ದಿನ ಹೋಗಬೇಡಿ. ತರಗತಿ ನಡೆಯುವ ವಾರದಲ್ಲಿ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಆ ಹೊತ್ತಿನಲ್ಲಿ ಕ್ಯಾಂಟೀನು ತುಂಬಿ ತರಗತಿ ಖಾಲಿ ಇದ್ದರೆ ಅರ್ಥವಾಗುವುದು ಅರ್ಥವಾಗುತ್ತದೆ. ಆಫೀಸಿನಲ್ಲಿ ಕೇಳಿಕೊಂಡರೆ ಲ್ಯಾಬು ತೋರಿಸುತ್ತಾರೆ. ವರ್ಕ್‌ಶಾಪಿನಲ್ಲಿ ಲೇಥ್ ಯಂತ್ರದ ಕೆಳಗಿನ ಟ್ರೇ ನೋಡಿ. ಹೊಳೆಯುವ ಸುರುಳಿ ಚೂರುಗಳು, ಎಣ್ಣೆ ಪಸೆ ಇದ್ದರೆ ಯಂತ್ರ ಓಡುತ್ತಿದೆ. ತುಕ್ಕು ಹಿಡಿದ ಪುಡಿ, ಮೇಲೆ ಧೂಳು ಇದ್ದರೆ ತಪಾಸಣೆಗಾಗಿ ಮಾತ್ರ ಇಟ್ಟದ್ದು. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಅವುಗಳ ಪ್ರೋಬು ಎಷ್ಟು ಸರಿ ಇವೆ ಎಂದು ಕೇಳಿ, ಯಾಕೆಂದರೆ ಮೊದಲು ಕೆಡುವುದು ಪ್ರೋಬೇ. ಒಂದು ಸೆಟ್ಟಿಗೆ ಇಬ್ಬರು ಮೂವರು ಇದ್ದರೆ ಎಲ್ಲರ ಕೈಗೂ ಸಿಗುತ್ತದೆ, ಐದಾರು ಮಂದಿಯಾದರೆ ಒಬ್ಬ ಮಾಡುತ್ತಾನೆ, ಉಳಿದವರು ರೀಡಿಂಗ್ ನಕಲು ಮಾಡುತ್ತಾರೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ದ್ರಾವಣದ ಬಾಟಲಿಯ ಮೇಲೆ ತಯಾರಿಸಿದ ದಿನಾಂಕ ಬರೆದಿದೆಯೇ ನೋಡಿ. ಗ್ರಂಥಾಲಯದಲ್ಲಿ ಯಾವುದಾದರೂ ಪಠ್ಯದ ನಾಲ್ಕು ಪ್ರತಿ ತೆಗೆದು, ಮರಳಿಸುವ ದಿನಾಂಕದ ಚೀಟಿಯಲ್ಲಿ ಕೊನೆಯ ಮುದ್ರೆ ಯಾವ ವರ್ಷದ್ದು ನೋಡಿ. ಎಲ್ಲ ಕಂಪ್ಯೂಟರಿಗೆ ಹೋಗಿದ್ದರೆ ಕೌಂಟರಿನಲ್ಲಿ ನಿನ್ನೆ ಎಷ್ಟು ಪುಸ್ತಕ ಹೊರಗೆ ಹೋದವು ಎಂದು ಕೇಳಿ. ಪರೀಕ್ಷೆ ಸಮಯದಲ್ಲಿ ಓದುವ ಕೋಣೆ ರಾತ್ರಿ ಎಷ್ಟರ ತನಕ ತೆರೆದಿರುತ್ತದೆ ಎಂಬುದು ಹಾಸ್ಟೆಲ್ ಹುಡುಗರಿಗೆ ಗೊತ್ತಿರುತ್ತದೆ, ಅವರನ್ನೇ ಕೇಳಬೇಕು.

ಕಾಗದಪತ್ರಗಳಲ್ಲೂ ನಿಜ ಸಿಗುತ್ತದೆ, ಹುಡುಕುವ ತಾಳ್ಮೆ ಬೇಕು. ಎನ್‌ಐಆರ್‌ಎಫ್‌ಗೆ, ಅಂದರೆ ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕಕ್ಕೆ, ಹೋಗುವ ಕಾಲೇಜು ತಾನು ಕೊಟ್ಟ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಅದರಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪಾಸಾದರು, ಎಷ್ಟು ಮಂದಿಗೆ ನೌಕರಿ ಸಿಕ್ಕಿತು, ನಡುಮಟ್ಟದ ಸಂಬಳ ಎಷ್ಟು ಎಲ್ಲ ಇರುತ್ತದೆ. ಬಸ್ಸಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದ ಪ್ಯಾಕೇಜು ಒಬ್ಬ ಹುಡುಗನದು. ನಡುಮಟ್ಟದ ಸಂಬಳ ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಮಧ್ಯದಲ್ಲಿ ನಿಂತವನದು. ನಿಮ್ಮ ಮನೆಯ ಲೆಕ್ಕಕ್ಕೆ ಬೇಕಾದ್ದು ಅದೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ವರದಿಯ 5.2 ವಿಭಾಗದಲ್ಲಿ ನೌಕರಿ ಮತ್ತು ಉನ್ನತ ಶಿಕ್ಷಣಕ್ಕೆ ಹೋದವರ ವಿವರ ಇರುತ್ತದೆ. ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗಲ್ಲ, ಬ್ರಾಂಚಿಗೆ ಸಿಗುವುದು. ನಿಮ್ಮ ಬ್ರಾಂಚಿಗೆ ಇದೆಯೇ, ಅವಧಿ ಮುಗಿದಿದೆಯೇ ಎರಡನ್ನೂ ನೋಡಬೇಕು. ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ಪ್ರಕಾರ ಎಂಜಿನಿಯರಿಂಗಿನಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಬೇಕು. ಜಾಲತಾಣದಲ್ಲಿರುವ ಅಧ್ಯಾಪಕರ ಪಟ್ಟಿಯನ್ನು ಪ್ರಿಂಟ್ ಹಾಕಿಕೊಂಡು ಹೋಗಿ, ಕೊಠಡಿಯ ಬಾಗಿಲಿನ ಹೆಸರುಗಳ ಜೊತೆ ತಾಳೆ ನೋಡಿದರೆ ಅರ್ಧ ತಾಸಿನಲ್ಲಿ ಚಿತ್ರ ಸಿಗುತ್ತದೆ. ಹಾವೇರಿ ಜಿಲ್ಲೆಯಲ್ಲಿ ಪದವಿಗೆ ಸೇರುವವರು ಯಾವ ವಿಶ್ವವಿದ್ಯಾಲಯದ ಅಂಕಪಟ್ಟಿ ಬರುತ್ತದೆ ಎಂದೂ ಕೇಳಿಕೊಳ್ಳಬೇಕು. ಹಾವೇರಿ ವಿಶ್ವವಿದ್ಯಾಲಯ 2023ರಲ್ಲಿ ಬಂದದ್ದು, ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಎದ್ದಿತ್ತು.

ಅಂಕಿಸಂಖ್ಯೆಗೆ ಸಿಗದ ಒಂದು ಸಂಗತಿ ಇದೆ, ಅದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಹೇಗೋ ಇಂಗ್ಲಿಷಿಗೆ ಹೊಂದಿಕೊಂಡ ಸವಣೂರಿನ, ರೋಣದ, ನವಲಗುಂದದ ಮಕ್ಕಳಿಗೆ ಮೊದಲ ಸೆಮಿಸ್ಟರ್ ಕಠಿಣ. ಪಾಠ ಗೊತ್ತಿದ್ದರೂ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, 'ತಿಳೀತೇನ್ರಪಾ, ಇನ್ನೊಮ್ಮೆ ಹೇಳ್ಲೇನು?' ಎಂದು ಕೇಳುವ ಅಧ್ಯಾಪಕರು ನಮ್ಮ ಕಡೆಯ ಕಾಲೇಜುಗಳಲ್ಲಿ ಇನ್ನೂ ಇದ್ದಾರೆ. ಅಂಥ ತರಗತಿಯಲ್ಲಿ ಮೊದಲ ವರ್ಷ ನೆಲೆ ನಿಂತ ಮಕ್ಕಳು ಆಮೇಲೆ ಎಲ್ಲಿ ಹೋದರೂ ನಿಲ್ಲುತ್ತಾರೆ. ದೊಡ್ಡ ಊರಿನ ದೊಡ್ಡ ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿದು, ಎರಡು ವಿಷಯ ಬ್ಯಾಕ್ ಉಳಿಸಿಕೊಂಡು, ಮನೆಗೆ ಹೇಳಲಾಗದೆ ಒದ್ದಾಡುವವರ ಕಷ್ಟ ಲೆಕ್ಕ ಹಾಕುವಾಗ ಯಾರಿಗೂ ಕಾಣುವುದಿಲ್ಲ. ಹಾಗೆಂದು ಎಲ್ಲರನ್ನೂ ಊರಿಗೆ ಕಟ್ಟಿ ಹಾಕಿ ಎನ್ನುತ್ತಿಲ್ಲ. ಕೆಲವರು ನೀರಿಗೆ ಬಿದ್ದರೇ ಈಜುವವರು, ಅವರಿಗೆ ದೂರವೇ ಒಳ್ಳೆಯದು. ನಿಮ್ಮ ಮಗಳು, ಮಗ ಯಾವ ಬಗೆಯವರು ಎಂಬುದು ಪಿಯುಸಿ ಮೊದಲ ಆರು ತಿಂಗಳು ಹೇಗೆ ಕಳೆದರು ಎಂದು ನೆನಪಿಸಿಕೊಂಡರೆ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ದಿನಾ ಅಡ್ಡಾಡುವ ಲೆಕ್ಕ ಬೇರೆ ಮಾಡಬೇಕು. ಗದಗಿನಿಂದ ಹುಬ್ಬಳ್ಳಿಗೆ 58 ಕಿ.ಮೀ. ಬಸ್ಸೋ ರೈಲೋ ಒಂದು ತಾಸು, ಒಂದೂಕಾಲು ತಾಸು ಎನ್ನುತ್ತಾರೆ. ಮನೆಯಿಂದ ಸ್ಟ್ಯಾಂಡಿಗೆ, ಕಾಯುವುದು, ಇಳಿದ ಮೇಲೆ ಕಾಲೇಜಿಗೆ ಎಲ್ಲ ಸೇರಿಸಿದರೆ ಒಂದು ಕಡೆಗೆ ಎರಡು ತಾಸು. ದಿನಕ್ಕೆ ನಾಲ್ಕು, ಆರು ದಿನಕ್ಕೆ 24, ಹದಿನಾರು ವಾರದ ಸೆಮಿಸ್ಟರಿಗೆ 384 ತಾಸು. ಬಿಎ, ಬಿಕಾಂಗೆ ತರಗತಿ ಮಧ್ಯಾಹ್ನ ಮುಗಿದರೆ ಇದು ಸಾಗುತ್ತದೆ. ಬಿಎಸ್‌ಸಿ, ಎಂಜಿನಿಯರಿಂಗಿನಲ್ಲಿ ಸಂಜೆಯ ಲ್ಯಾಬು, ಪ್ರಾಜೆಕ್ಟು ಶುರುವಾದರೆ ಮೊದಲು ಕೈಬಿಡುವುದು ಗೆಳೆಯರ ಜೊತೆ ಕೂತು ಓದುವುದನ್ನು, ಆಮೇಲೆ ಲೈಬ್ರರಿಯನ್ನು, ಕೊನೆಗೆ ನಿದ್ದೆಯನ್ನು. ಹಾವೇರಿಯಿಂದ ಹುಬ್ಬಳ್ಳಿಗೆ 70 ಕಿ.ಮೀ.ಗೂ ಹೆಚ್ಚು, ದಿನಾ ಹೋಗಿ ಬರುವ ಮಾತೇ ಬೇಡ.

ಹುಬ್ಬಳ್ಳಿ ಧಾರವಾಡದ ನಡುವೆ ಮಾತ್ರ ಈ ಲೆಕ್ಕ ಹಗುರ. 20 ಕಿ.ಮೀ. ಆಸುಪಾಸಿನ ದಾರಿಗೆ ಚಿಗರಿ ಬಸ್ಸಿದೆ, ಅದಕ್ಕೇ ಮೀಸಲಾದ ರಸ್ತೆ ಇದೆ. ಒಂದು ಊರಿನಲ್ಲಿ ಓದಿ ಇನ್ನೊಂದು ಊರಿನ ಅನುಕೂಲ ಪಡೆಯಬಹುದು. ಆದರೆ ಚಿಗರಿ ಹೋಗುವುದು ಪಿ.ಬಿ. ರಸ್ತೆಯ ಉದ್ದಕ್ಕೆ. ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ನವನಗರ, ವಿದ್ಯಾನಗರ ದಾರಿಯ ಮೇಲೇ ಸಿಗುತ್ತವೆ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಕೃಷಿ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲಿ ಇಳಿದು ಮತ್ತೆ ಸಿಟಿ ಬಸ್ಸು ಹತ್ತಬೇಕು. ದಿನದ ಹೊತ್ತು ತಿನ್ನುವುದು ಈ ಎರಡನೆಯ ಬಸ್ಸು. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ, ಎಸಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ, ಚಿಗರಿ ಎಸಿ ಬಸ್ಸು. ಗಂಡುಮಕ್ಕಳು ವಿದ್ಯಾರ್ಥಿ ಪಾಸಿಗೆ ಮಾರ್ಗ, ದೂರದ ಮಿತಿ ಏನು ಎಂದು ಪ್ರವೇಶಕ್ಕೂ ಮೊದಲೇ ಪಾಸ್ ಕೌಂಟರಿನಲ್ಲಿ ವಿಚಾರಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಬಸ್ಸಿಗೆ ಕತ್ತಲಾಗುತ್ತದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಕಾಲೇಜನ್ನು ಪಟ್ಟಿಯಿಂದ ತೆಗೆಯುವ ಮನೆಗಳು ಇವತ್ತಿಗೂ ಬಹಳ. ಪಟ್ಟಿಯಿಂದ ತೆಗೆಯುವ ಮೊದಲು ಕ್ಯಾಂಪಸ್ಸಿನೊಳಗೇ ಮಹಿಳಾ ಹಾಸ್ಟೆಲ್ ಇದೆಯೇ, ಮೊದಲ ವರ್ಷದವರಿಗೆ ಖಾತ್ರಿ ಕೊಡುತ್ತಾರೆಯೇ, ಲ್ಯಾಬಿನಿಂದ ಹಾಸ್ಟೆಲಿಗೆ ದಾರಿ ದೀಪ ಇದೆಯೇ ಎಂದು ನೋಡಿ ಬನ್ನಿ. ಅಲ್ಲಿ ಉತ್ತರ ಸರಿ ಇದ್ದರೆ ದೂರ ಒಂದು ನೆವ ಅಷ್ಟೆ.

ಹಾಸ್ಟೆಲ್ ಸಿಗದವರು ರೂಮು ನೋಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ್ದು, 'ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ್ರಿ?' ಅವಳಿ ನಗರದ ಬಹಳಷ್ಟು ಬಡಾವಣೆಗಳಲ್ಲಿ ಮಲಪ್ರಭೆಯ ನೀರು ದಿನಾ ಬರುವುದಿಲ್ಲ, ಗದಗ-ಬೆಟಗೇರಿಯ ನೀರಿನ ಬವಣೆ ಎಲ್ಲರಿಗೂ ಗೊತ್ತಿದ್ದದ್ದೇ. ಬೋರ್‌ವೆಲ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರಿನ ದುಡ್ಡು ಯಾರ ಲೆಕ್ಕಕ್ಕೆ, ಟಾಕಿ ಎಷ್ಟು ಮಂದಿಗೆ ಎಂದು ಬಿಡಿಸಿ ಕೇಳಿ. ಊಟಕ್ಕೆ ಖಾನಾವಳಿಯಲ್ಲಿ ತಿಂಗಳ ಲೆಕ್ಕ ಹಿಡಿಯುವ ಮೊದಲು ನಾಲ್ಕು ದಿನ ಬಿಡಿಯಾಗಿ ಉಂಡು ನೋಡುವುದು ಲೇಸು. ಅಮಾವಾಸ್ಯೆ, ಹಬ್ಬ, ಭಾನುವಾರದ ರಾತ್ರಿ ಒಲೆ ಹೊತ್ತುವುದಿಲ್ಲ, ಆ ಖರ್ಚು ಬೇರೆ ಬೀಳುತ್ತದೆ. ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತುಂಬಿರುವುದರಿಂದ ರೂಮು ಸಿಗುವುದು ಕಷ್ಟ. ಆದರೆ ಪದವಿಯ ಜೊತೆಗೇ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಕಟ್ಟುವ ಮನಸ್ಸಿರುವವರಿಗೆ ಆ ಓಣಿಗಳ ಓದಿನ ವಾತಾವರಣವೇ ಧಾರವಾಡ ಆರಿಸಲು ಸಾಕಷ್ಟು ಕಾರಣ. ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲಿಗೆ ಅರ್ಜಿ ಹಾಕುವವರು ಒಂದು ತಿಳಿದಿರಲಿ. ಆಯ್ಕೆ ಪಟ್ಟಿ ಬರುವ ಹೊತ್ತಿಗೆ ತರಗತಿ ಶುರುವಾಗಿ ವಾರಗಳೇ ಆಗಿರುತ್ತವೆ, ಅಲ್ಲಿಯ ತನಕ ಎಲ್ಲಿ ಇರುವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಅರ್ಹರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ನೆರವು ಸಿಗುತ್ತದೆ. ಅದು ಕೈಗೆ ಬರುವುದು ತಡವಾಗಿ, ಆ ದುಡ್ಡು ನಂಬಿ ಬಾಡಿಗೆ ಮಾತಾಡಬಾರದು.

ಇಷ್ಟೆಲ್ಲ ನೋಡಿದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು. ಇಲ್ಲಿ ಆಗುವ ದೊಡ್ಡ ತಪ್ಪು, 'ನಮ್ಮ ರ‍್ಯಾಂಕಿಗೆ ಇದು ಸಿಗಲಿಕ್ಕಿಲ್ಲ' ಎಂದು ಬೇಕಾದ ಕಾಲೇಜನ್ನು ಕೆಳಗೆ ಬರೆಯುವುದು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವ್ಯವಸ್ಥೆ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದನ್ನು ಕೊಟ್ಟು ನಿಲ್ಲುತ್ತದೆ. ಹಾಗಾಗಿ ಸಿಗುವ ಕ್ರಮದಲ್ಲಿ ಬರೆಯಬೇಡಿ, ಬೇಕಾದ ಕ್ರಮದಲ್ಲಿ ಬರೆಯಿರಿ. ಪಟ್ಟಿ ಉದ್ದವಾದರೆ ನಷ್ಟವಿಲ್ಲ, ಆದರೆ ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜು ಪಟ್ಟಿಯಲ್ಲಿ ಇರಬಾರದು. ಕಾಲೇಜಿನ ಕೋಡನ್ನು ಎರಡು ಸಲ ನೋಡಿ. ಒಂದೇ ಸಂಸ್ಥೆಯ, ಒಂದೇ ಬಗೆಯ ಹೆಸರಿನ ಕಾಲೇಜುಗಳು ಬೇರೆಬೇರೆ ಊರಿನಲ್ಲಿವೆ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೂ ಮೊದಲಿನ ಪ್ರಯೋಗದ ಪಟ್ಟಿ) ಬಂದಾಗ ಸಿಕ್ಕದ್ದನ್ನು ಕಂಡು ಖುಷಿಯೋ ಬೇಜಾರೋ ಆಗಿ ಕೂಡುವ ಬದಲು ಕ್ರಮವನ್ನು ಮತ್ತೊಮ್ಮೆ ತಿದ್ದಬೇಕು, ಅದು ಇರುವುದೇ ಅದಕ್ಕೆ. ಮುಂದಿನ ಸುತ್ತಿನಲ್ಲಿ ಹೊಸ ಕಾಲೇಜು ಸೇರಿಸಬಹುದು ಎಂದು ನಂಬಿ ಬಿಡಬೇಡಿ.

ಮೊದಲ ಸುತ್ತಿನಲ್ಲಿ ಸೀಟು ಬಂದಾಗ ನಾಲ್ಕು ದಾರಿ. ಇದೇ ಸಾಕು, ಸೇರುತ್ತೇನೆ ಎಂದರೆ ಚಾಯ್ಸ್ ಒಂದು. ಇದು ಇರಲಿ, ಮೇಲಿನದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ ಎಂದರೆ ಎರಡು. ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ ಎಂದರೆ ಮೂರು. ಯಾವುದೂ ಬೇಡ ಎಂದರೆ ನಾಲ್ಕು. ಎರಡನ್ನು ಒತ್ತಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ, ಮರಳಿ ಕೇಳಿದರೂ ಸಿಗುವುದಿಲ್ಲ. ಆದ್ದರಿಂದ ಎರಡು ಒತ್ತುವ ಮುನ್ನ, ಈಗ ಸಿಕ್ಕಿರುವ ಕಾಲೇಜಿಗಿಂತ ಮೇಲೆ ಉಳಿದಿರುವ ಒಂದೊಂದು ಹೆಸರನ್ನೂ ಓದಿ, ನಾಳೆ ಇದೇ ಬಂದರೆ ಇದನ್ನು ಬಿಟ್ಟು ಹೋಗುತ್ತೀರಾ ಎಂದು ಓದುವವರನ್ನೇ ಕೇಳಿ. ಹುಬ್ಬಳ್ಳಿಯ ಸೀಟು ಕೈಯಲ್ಲಿದ್ದಾಗ ಮೇಲೆ ನೋಡದೇ ಬರೆದ ದೊಡ್ಡಬಳ್ಳಾಪುರದ ಕಾಲೇಜೊಂದು ಉಳಿದಿದ್ದರೆ ಅದನ್ನು ಆಗಲೇ ಅಳಿಸಬೇಕು. ಶುಲ್ಕ ಯಾವಾಗ ಕಟ್ಟಬೇಕು, ಕಾಲೇಜಿಗೆ ಹಾಜರಾಗುವ ಕೊನೆಯ ದಿನ ಯಾವುದು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ಓದಬೇಕು. ಸೇರುವ ದಿನ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಕಾಲೇಜಿನ ವಶಕ್ಕೆ ಹೋಗುತ್ತವೆ. ಹೋಗುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಆರು ಸೆಟ್ ಝೆರಾಕ್ಸ್ ತೆಗೆಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಬೇರೆ ಬರೆದಿಟ್ಟುಕೊಳ್ಳಿ. ಹಾಸ್ಟೆಲ್ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಮರುದಿನವೇ ಅವು ಬೇಕಾಗುತ್ತವೆ.